ಕೆಸರಿಗೆಂದೇ ಹುಟ್ಟಿದ ಬೈಕು: ಓಹಾಯೊ, ಮೈಸೂರು, ಹಾಸನ

ಹಾಸನದ ಕಾಲೇಜುಗಳ ಮುಂದೆ ನಿಲ್ಲುವ ಕಿತ್ತಳೆ ಬಣ್ಣದ ಕೆಟಿಎಂ ಡ್ಯೂಕ್‌ಗಳಿಗೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಒಂದು ತಲೆಮಾರಿನ ಹಿಂದೆ ಎರಡು ಸೈಲೆನ್ಸರ್‌ಗಳಿಂದ ನೀಲಿ ಹೊಗೆ ಬಿಡುತ್ತ ಓಡಾಡಿದ ಯೆಜ್ಡಿಗಳಿಗೂ ಮೇಲುನೋಟಕ್ಕೆ ಯಾವ ನಂಟೂ ಕಾಣುವುದಿಲ್ಲ. ಮೊದಲನೆಯದು ಆಸ್ಟ್ರಿಯಾ ಮೂಲದ ಕಂಪನಿಯದು, ಎರಡನೆಯದು ಚೆಕೊಸ್ಲೊವಾಕಿಯಾದ ತಂತ್ರಜ್ಞಾನ ಪಡೆದು ಮೈಸೂರಿನಲ್ಲಿ ತಯಾರಾದದ್ದು. ಆದರೂ ಎರಡರ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೊರಟರೆ ಅವು 'ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್' ಎಂಬ ಒಂದೇ ಸ್ಪರ್ಧೆಯ ಕೆಸರಿನಲ್ಲಿ ಸಂಧಿಸುತ್ತವೆ. ಈ ವಂಶಾವಳಿಯ ಒಂದು ಕವಲನ್ನು, ಅದರ ಮೂಲಪುರುಷನ ಬದುಕಿನ ಮೂಲಕ ದಾಖಲಿಸಿದ ಸಾಕ್ಷ್ಯಚಿತ್ರ 2014ರಲ್ಲಿ ತೆರೆಕಂಡ 'ಪೆಂಟನ್: ದ ಜಾನ್ ಪೆಂಟನ್ ಸ್ಟೋರಿ'. ಟಾಡ್ ಹಫ್‌ಮನ್ ನಿರ್ದೇಶಿಸಿ, ಗಾಯಕ ಲೈಲ್ ಲವೆಟ್ ನಿರೂಪಿಸಿದ ಈ ಚಿತ್ರ ಅಮೆರಿಕದ ಒಂದು ರೈತ ಕುಟುಂಬದ ಕಥೆಯಾಗಿದ್ದರೂ, ಅದರಲ್ಲಿ ಹೇಳಿರುವ ಸಂಗತಿಗೆ ಕರ್ನಾಟಕದೊಡನೆ ನೇರವಾದ ಸಂಬಂಧವಿದೆ.

ಟಾರು ರಸ್ತೆಯ ಹೊರಗೆ, ಮಣ್ಣು, ಮರಳು, ಕಲ್ಲು, ಕಾಡುದಾರಿಗಳಲ್ಲಿ ನಡೆಯುವ ಬೈಕ್ ಸ್ಪರ್ಧೆಗಳಿಗೆ ಒಟ್ಟಾರೆಯಾಗಿ ಆಫ್‌ರೋಡ್ ರೇಸಿಂಗ್ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಏರಿಳಿತಗಳಿರುವ ಸುತ್ತು ದಾರಿಯಲ್ಲಿ ಎಲ್ಲ ಸವಾರರೂ ಒಟ್ಟಿಗೆ ಹೊರಟು ಸೆಣಸುವುದು ಮೋಟೊಕ್ರಾಸ್; ಕಾಡುಮೇಡಿನ ದೀರ್ಘ ದಾರಿಯಲ್ಲಿ ಸಮಯದ ಅಂತರ ಬಿಟ್ಟು ಹೊರಟು, ಪ್ರತಿ ತಪಾಸಣಾ ಠಾಣೆಯನ್ನು ಗೊತ್ತಾದ ಸಮಯಕ್ಕೆ ಮುಟ್ಟಬೇಕಾದದ್ದು ಎಂಡ್ಯೂರೊ; ಮರುಭೂಮಿಯಂಥ ಬಯಲಿನಲ್ಲಿ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತ ದಿನಗಟ್ಟಲೆ ಸಾಗುವುದು ರ‍್ಯಾಲಿ ರೇಡ್. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರಂಭವಾದ ಸಿಕ್ಸ್ ಡೇಸ್ ಎರಡನೆಯ ಬಗೆಗೆ ಸೇರಿದ್ದು. ಆರು ದಿನವೂ ಒಂದೇ ಬೈಕಿನಲ್ಲಿ ಓಡಬೇಕು. ಮುಖ್ಯ ಭಾಗಗಳಿಗೆ ಮೊದಲೇ ಗುರುತು ಹಾಕಿರುವುದರಿಂದ ಅವನ್ನು ಬದಲಿಸುವಂತಿಲ್ಲ. ರಾತ್ರಿ ಬೈಕುಗಳನ್ನು ಬೇಲಿಯೊಳಗೆ ಕೂಡಿಹಾಕಲಾಗುತ್ತದೆ. ಪಂಕ್ಚರ್ ಆದರೆ, ಚೈನು ಕಡಿದರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಅದಕ್ಕೆ ತಗಲುವ ಸಮಯವೂ ಅವನ ಲೆಕ್ಕಕ್ಕೇ ಸೇರುತ್ತದೆ. ಮುಖ್ಯ ಟ್ರೋಫಿಗೆ ಸೆಣಸುವ ರಾಷ್ಟ್ರೀಯ ತಂಡ ತನ್ನ ದೇಶದಲ್ಲೇ ತಯಾರಾದ ಬೈಕುಗಳನ್ನು ಬಳಸಬೇಕೆಂಬ ನಿಯಮ ದೀರ್ಘಕಾಲ ಜಾರಿಯಲ್ಲಿದ್ದುದರಿಂದ, ಈ ಸ್ಪರ್ಧೆ ಸವಾರರಿಗೆ ಎಷ್ಟು ಪರೀಕ್ಷೆಯಾಗಿತ್ತೋ ಕಾರ್ಖಾನೆಗಳಿಗೂ ಅಷ್ಟೇ ಪರೀಕ್ಷೆಯಾಗಿತ್ತು.

ಜಾನ್ ಪೆಂಟನ್ ಹುಟ್ಟಿದ್ದು 1925ರಲ್ಲಿ, ಓಹಾಯೊ ರಾಜ್ಯದ ಆಮ್ಹರ್ಸ್ಟ್ ಎಂಬ ಊರಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಸೇವೆಯಲ್ಲಿದ್ದು ಮರಳಿದ ಅವರು ಸೋದರರೊಂದಿಗೆ ಸೇರಿ ಮೋಟಾರ್‌ಸೈಕಲ್ ಮಾರಾಟದ ಅಂಗಡಿ ತೆರೆದರು, ಜೊತೆಜೊತೆಗೆ ಎಂಡ್ಯೂರೊ ಸ್ಪರ್ಧೆಗಳಿಗೂ ಇಳಿದರು. ಚಿಕ್ಕ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡ ಪೆಂಟನ್ ಆ ದುಃಖವನ್ನು ದೂರದೂರದ ಸವಾರಿಗಳಲ್ಲಿ ಕಳೆದರೆಂಬುದು ಅವರ ಬದುಕಿನ ಕಥೆಯಲ್ಲಿ ಮುಖ್ಯವಾದ ತಿರುವು. 1959ರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಬಿಎಂಡಬ್ಲ್ಯು ಬೈಕಿನಲ್ಲಿ 52 ಗಂಟೆ 11 ನಿಮಿಷಗಳಲ್ಲಿ ತಲುಪಿ ಅವರು ಖಂಡವನ್ನು ದಾಟುವ ದಾಖಲೆಯನ್ನೇ ಬರೆದರು. ಆದರೆ ಅವರ ಹೆಸರು ಉಳಿದಿರುವುದು ಈ ದಾಖಲೆಗಿಂತ ಹೆಚ್ಚಾಗಿ, ಅವರು ಕಾರ್ಖಾನೆಗಳ ಮುಂದಿಟ್ಟ ಒಂದು ಸರಳ ಬೇಡಿಕೆಯಿಂದ.

ಆಗ ಅಮೆರಿಕದ ಕಾಡುದಾರಿಗಳಲ್ಲಿ ಓಡುತ್ತಿದ್ದವು ರಸ್ತೆಗೆಂದು ತಯಾರಾದ ಭಾರಿ ಬೈಕುಗಳು. ಸವಾರರು ಅವುಗಳ ದೀಪ, ಮಡ್‌ಗಾರ್ಡ್‌ಗಳನ್ನು ಕಳಚಿ, ಹ್ಯಾಂಡಲ್ ಅಗಲ ಮಾಡಿಸಿ, ಹಲ್ಲುಹಲ್ಲಿನ ಟೈರು ಹಾಕಿಸಿ ಕೆಸರಿಗೆ ಇಳಿಸುತ್ತಿದ್ದರು. ಗಟ್ಟಿ ನೆಲದಲ್ಲಿ ತೂಕ ಬೈಕಿಗೆ ಸ್ಥಿರತೆ ಕೊಡುತ್ತದೆ ನಿಜ, ಆದರೆ ಸಡಿಲ ನೆಲದಲ್ಲಿ ಅದೇ ತೂಕ ಮುಂದಿನ ಚಕ್ರವನ್ನು ಮಣ್ಣಿನೊಳಕ್ಕೆ ಒತ್ತುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಬಗ್ಗುವುದಿಲ್ಲ, ಬಿದ್ದ ಬೈಕನ್ನು ಹತ್ತನೆಯ ಸಲ ಎತ್ತುವ ಹೊತ್ತಿಗೆ ಸವಾರನ ತೋಳು ಸೋತಿರುತ್ತದೆ. 1950ರ ದಶಕದಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯ 175 ಸಿಸಿ ಬೈಕನ್ನು ಓಡಿಸಿ ಗೆದ್ದ ಪೆಂಟನ್‌ಗೆ, ಎಂಜಿನ್ನಿನ ಬಲಕ್ಕಿಂತ ಬೈಕಿನ ತೂಕವೇ ಫಲಿತಾಂಶವನ್ನು ನಿರ್ಧರಿಸುತ್ತದೆಂಬುದು ಖಚಿತವಾಯಿತು. 1962ರಿಂದ ಯುರೋಪಿನ ಸಿಕ್ಸ್ ಡೇಸ್‌ಗೆ ಹೋಗತೊಡಗಿದ ಮೇಲೆ, ಅಲ್ಲಿನ ತಂಡಗಳು ಓಡಿಸುತ್ತಿದ್ದ ಹಗುರ ಟು-ಸ್ಟ್ರೋಕ್ ಬೈಕುಗಳನ್ನು ಕಂಡು ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಟು-ಸ್ಟ್ರೋಕ್ ಎಂದರೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ ಬರುವಷ್ಟರಲ್ಲೇ ಒಂದು ಶಕ್ತಿಚಕ್ರ ಮುಗಿಸುವ ಎಂಜಿನ್. ಅದರಲ್ಲಿ ವಾಲ್ವುಗಳಿರುವುದಿಲ್ಲವಾದ್ದರಿಂದ ಬಿಡಿಭಾಗಗಳು ಕಡಿಮೆ, ತೂಕವೂ ಕಡಿಮೆ, ದಾರಿಬದಿಯಲ್ಲಿ ಬಿಚ್ಚಿ ಜೋಡಿಸುವುದೂ ಸುಲಭ.

ಸ್ವೀಡನ್ನಿನ ಹುಸ್ಕ್‌ವಾರ್ನ ಬೈಕುಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಪೆಂಟನ್, ಎಂಡ್ಯೂರೊಗೆಂದೇ ಒಂದು ಸಣ್ಣ ಬೈಕು ಮಾಡಿಕೊಡಿ ಎಂದು ಆ ಕಂಪನಿಯನ್ನು ಕೇಳಿದಾಗ ಅದು ಆಸಕ್ತಿ ತೋರಲಿಲ್ಲ. 1967ರಲ್ಲಿ ಅವರು ಆಸ್ಟ್ರಿಯಾದ ಮಟಿಗ್‌ಹೋಫನ್ ಎಂಬ ಸಣ್ಣ ಊರಿನ ಕೆಟಿಎಂ ಕಾರ್ಖಾನೆಗೆ ಹೋದರು. 1934ರಲ್ಲಿ ಹನ್ಸ್ ಟ್ರುಂಕನ್‌ಪೋಲ್ಜ್ ತೆರೆದ ರಿಪೇರಿ ಅಂಗಡಿಯಿಂದ ಬೆಳೆದಿದ್ದ ಆ ಕಂಪನಿ ಆಗ ಮುಖ್ಯವಾಗಿ ಮೊಪೆಡ್ಡು, ಸೈಕಲ್ಲುಗಳನ್ನು ತಯಾರಿಸುತ್ತಿತ್ತು. ಮಾದರಿ ಬೈಕುಗಳ ಖರ್ಚಿಗೆಂದು ಪೆಂಟನ್ ಕೈಯಿಂದ 6,000 ಡಾಲರ್ ಕೊಟ್ಟರು. 1968ರಲ್ಲಿ ಜರ್ಮನಿಯ ಸಾಕ್ಸ್ ಎಂಜಿನ್ ಕೂರಿಸಿದ, ನೂರು ಕಿಲೋಗಿಂತ ಹಗುರವಾದ 100 ಮತ್ತು 125 ಸಿಸಿ ಬೈಕುಗಳು 'ಪೆಂಟನ್' ಹೆಸರಿನಲ್ಲೇ ಅಮೆರಿಕಕ್ಕೆ ಬಂದವು. ಮುಂದಿನ ಹತ್ತು ವರ್ಷಗಳಲ್ಲಿ 25,000ಕ್ಕೂ ಹೆಚ್ಚು ಪೆಂಟನ್‌ಗಳು ಮಾರಾಟವಾದವು. 1978ರಲ್ಲಿ ವಿತರಣೆ ಕೆಟಿಎಂ ಕೈಗೆ ಹೋಗಿ ಟ್ಯಾಂಕಿನ ಮೇಲಿನ ಪೆಂಟನ್ ಹೆಸರು ಅಳಿಸಿತಾದರೂ, ಮೊಪೆಡ್ಡಿನ ಕಂಪನಿಯನ್ನು ಮಣ್ಣುದಾರಿಯ ರೇಸಿಗೆ ತಿರುಗಿಸಿದ ಆ ಒಂದು ಬೇಡಿಕೆಯ ಫಲ ಉಳಿಯಿತು.

ಇಂಥ ಕಥೆ ತೆರೆಗೆ ಬರಲು ಇಷ್ಟು ತಡವಾದದ್ದರ ಹಿಂದೆ ಈ ಬಗೆಯ ಚಿತ್ರಗಳ ಇತಿಹಾಸವೇ ಇದೆ. ಬೈಕ್ ರೇಸಿನ ಸಾಕ್ಷ್ಯಚಿತ್ರಗಳಿಗೆಲ್ಲ ಮೇಲ್ಪಂಕ್ತಿಯಾದದ್ದು 1971ರ 'ಆನ್ ಎನಿ ಸಂಡೇ'. ಬ್ರೂಸ್ ಬ್ರೌನ್ ನಿರ್ದೇಶಿಸಿ, ನಟ ಸ್ಟೀವ್ ಮೆಕ್ವೀನ್ ಹಣ ಹೂಡಿ ಸ್ವತಃ ಕಾಣಿಸಿಕೊಂಡ ಆ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಅದರಲ್ಲಿ ಮಾಲ್ಕಮ್ ಸ್ಮಿತ್ ಎಂಬ ಸವಾರ ಮರುಭೂಮಿಯಲ್ಲೂ ಯುರೋಪಿನ ಸಿಕ್ಸ್ ಡೇಸ್‌ನಲ್ಲೂ ನಿರಾಯಾಸವಾಗಿ ಸಾಗುವುದನ್ನು ಕಂಡು ಅಮೆರಿಕದ ಒಂದು ಇಡೀ ಪೀಳಿಗೆ ಮಣ್ಣಿಗೆ ಇಳಿಯಿತು. ಬ್ರೌನ್‌ಗೆ ರೇಸುಗಳು ಕಣ್ಣೆದುರೇ ನಡೆಯುತ್ತಿದ್ದವು, ಕ್ಯಾಮೆರಾ ಇಟ್ಟರೆ ಸಾಕಿತ್ತು. ಹಫ್‌ಮನ್ ಕೆಲಸಕ್ಕೆ ಕೈಹಾಕುವಾಗ ಪೆಂಟನ್ ಎಂಬತ್ತು ದಾಟಿದ್ದರು, ಘಟನೆಗಳು ನಡೆದು ನಾಲ್ಕೈದು ದಶಕಗಳು ಕಳೆದಿದ್ದವು. ಆದ್ದರಿಂದ ಆ ಚಿತ್ರ ಹಳೆಯ ಫೋಟೊ, ಚಲನದೃಶ್ಯಗಳನ್ನೂ, ಪೆಂಟನ್ ಮಕ್ಕಳು ಮತ್ತು ಜೊತೆಯ ಸವಾರರ ಮಾತುಗಳನ್ನೂ ಒಟ್ಟುಗೂಡಿಸಿ ಕಟ್ಟಬೇಕಾದ ಚಿತ್ರವಾಯಿತು. ರೇಸನ್ನು ಸೆರೆಹಿಡಿಯುವುದು ಒಂದು ಕೆಲಸ. ಒಂದು ಯಂತ್ರ ಯಾರ ಅಗತ್ಯದಿಂದ ಹುಟ್ಟಿತೆಂಬುದನ್ನು ಸಾಕ್ಷಿಗಳು ಇರುವಾಗಲೇ ದಾಖಲಿಸುವುದು ಇನ್ನೊಂದು.

ಕರ್ನಾಟಕದ ಕವಲು ಆರಂಭವಾಗುವುದು ಸಿಕ್ಸ್ ಡೇಸ್‌ನ ಎದುರು ಪಾಳಯದಿಂದ. ಪೆಂಟನ್ ಮತ್ತು ಅವರ ಸಂಗಡಿಗರು ಸೋಲಿಸಲು ಹೆಣಗುತ್ತಿದ್ದ ಬಲಿಷ್ಠ ತಂಡಗಳಲ್ಲಿ ಮುಂಚೂಣಿಯಲ್ಲಿದ್ದದ್ದು ಜಾವಾ ಬೈಕುಗಳ ಚೆಕೊಸ್ಲೊವಾಕಿಯಾ. 1970ರಿಂದ 1974ರವರೆಗೆ ಸತತ ಐದು ವರ್ಷ ಮುಖ್ಯ ಟ್ರೋಫಿ ಆ ದೇಶದ ಪಾಲಾಗಿತ್ತು. ಅದೇ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಮ್ ಇರಾನಿ ಮತ್ತು ಫರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ, ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹದಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿತು. 1970ರ ದಶಕದ ಆರಂಭದಲ್ಲಿ ಪರವಾನಗಿ ಮುಗಿದ ಮೇಲೆ ಬೈಕುಗಳ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್, 1974ರ ಸಿಕ್ಸ್ ಡೇಸ್‌ಗೆಂದು ಚೆಕ್ ಎಂಜಿನಿಯರುಗಳು ರೂಪಿಸಿದ 250 ಸಿಸಿ ಬೈಕಿನ ಸಂತತಿಯೆಂದು ಯೆಜ್ಡಿ ಬಲ್ಲವರು ಗುರುತಿಸುತ್ತಾರೆ.

ಮೈಸೂರಿನಿಂದ ಕೆ.ಆರ್. ನಗರ, ಭೇರ್ಯ, ಹಳ್ಳಿಮೈಸೂರು ದಾಟಿ ಹೊಳೆನರಸೀಪುರದ ಮೇಲೆ ಹಾಸನಕ್ಕೆ ಬರುವ ದಾರಿಯಲ್ಲಿ ಈ ಬೈಕುಗಳು ಜಿಲ್ಲೆಯೊಳಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅರಕಲಗೂಡಿನ ಅರೆಮಲೆನಾಡಿನ ಜಾರುವ ಮಣ್ಣು, ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಹೊರಟ ಚಾನೆಲ್‌ಗಳ ಏರಿಯ ಮೇಲಿನ ದಾರಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳ ನಡುವಿನ ಬಂಡಿಜಾಡು, ಇವೆಲ್ಲಕ್ಕೂ ಟು-ಸ್ಟ್ರೋಕ್ ಎಂಜಿನ್ನಿನ ಸರಳತೆ ಹೊಂದಿಕೆಯಾಯಿತು. ಎಡಗಾಲಿನ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು; ಸ್ಟಾರ್ಟ್ ಮಾಡಿದ ಮೇಲೆ ಲಿವರನ್ನು ಮೊದಲಿನ ಜಾಗಕ್ಕೆ ಮರಳಿಸಿ, ಕಾಲು ಬದಲಿಸದೆ ಗೇರ್ ಹಾಕಬಹುದಿತ್ತು. ಬಂಕಿನಲ್ಲಿ ಪೆಟ್ರೋಲಿಗೆ ಟು-ಟಿ ಆಯಿಲ್ ಬೆರೆಸಿ ಹಾಕಿಸಬೇಕಿತ್ತು, ಆ ಬೆರಕೆಯೇ ಎಂಜಿನ್ನಿನ ಒಳಗೆಲ್ಲ ಹರಿದು ಪಿಸ್ಟನ್ನನ್ನೂ ಬೇರಿಂಗನ್ನೂ ನಯವಾಗಿಡುತ್ತಿತ್ತು. ಹಳ್ಳಿಯ ಮೆಕ್ಯಾನಿಕ್ಕು ಕೈಯಲ್ಲಿರುವ ಸ್ಪಾನರುಗಳಿಂದಲೇ ಇಂಥ ಎಂಜಿನ್ ಬಿಚ್ಚಬಲ್ಲವನಾದದ್ದಕ್ಕೆ ಕಾರಣ, ಅದು ದಾರಿಯಲ್ಲಿ ಸವಾರನೇ ರಿಪೇರಿ ಮಾಡಿಕೊಳ್ಳಬೇಕಾದ ಸಂಸ್ಕೃತಿಯೊಳಗಿಂದ ಬಂದ ಯಂತ್ರವಾಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಗುರವಾದ ಜಪಾನಿ ಫೋರ್-ಸ್ಟ್ರೋಕ್ ಬೈಕುಗಳು ಕೊಡುತ್ತಿದ್ದ ಮೈಲೇಜಿನ ಎದುರು ಹಳೆಯ ಟು-ಸ್ಟ್ರೋಕ್ ನಿಲ್ಲುವಂತಿರಲಿಲ್ಲ.

ಕೆಟಿಎಂ ಕವಲು ಕರ್ನಾಟಕವನ್ನು ಮುಟ್ಟಿದ್ದು ಡಕಾರ್ ರ‍್ಯಾಲಿಯ ಮೂಲಕ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್‌ನ ಡಕಾರ್‌ಗೆ ಮೊದಲ ಸಲ ಹೊರಟ ಈ ರ‍್ಯಾಲಿ ರೇಡ್, 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಇದರಲ್ಲಿ ಸವಾರನಿಗೆ ಸಿಗುವುದು ರೋಡ್‌ಬುಕ್ ಮಾತ್ರ: ಎಷ್ಟು ಕಿಲೋಮೀಟರಿಗೆ ಯಾವ ದಿಕ್ಕು, ಎಲ್ಲಿ ಹಳ್ಳ, ಎಲ್ಲಿ ಅಪಾಯ ಎಂಬುದನ್ನು ಬಾಣದ ಗುರುತುಗಳಲ್ಲಿ ತೋರಿಸುವ ಕಾಗದದ ಸುರುಳಿ, ಇತ್ತೀಚೆಗೆ ಅದು ವಿದ್ಯುನ್ಮಾನ ರೂಪಕ್ಕೆ ಬದಲಾಗಿದೆ. 2001ರಿಂದ 2019ರವರೆಗೆ ನಡೆದ ಹದಿನೆಂಟೂ ಡಕಾರ್‌ಗಳ ಬೈಕ್ ವಿಭಾಗವನ್ನು ಗೆದ್ದದ್ದು ಕೆಟಿಎಂ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಕೆಟಿಎಂ ಏರಿಯೇ ಡಕಾರ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಸವಾರರಾಗಿ, ಮೊದಲ ಪ್ರಯತ್ನದಲ್ಲೇ 36ನೆಯ ಸ್ಥಾನದೊಂದಿಗೆ ಸ್ಪರ್ಧೆಯನ್ನು ಪೂರ್ಣಗೊಳಿಸಿದರು. ಮೋಟೊಕ್ರಾಸ್‌ನಿಂದ ಆರಂಭಿಸಿ ರೇಡ್ ಡಿ ಹಿಮಾಲಯ, ಡೆಸರ್ಟ್ ಸ್ಟಾರ್ಮ್ ರ‍್ಯಾಲಿಗಳನ್ನು ಗೆದ್ದಿದ್ದ ಅವರು, 2013ರಲ್ಲಿ ಅಬುಧಾಬಿಯ ಮರುಭೂಮಿ ಸ್ಪರ್ಧೆಯಲ್ಲಿ ಬೈಕಿಗೆ ಬೆಂಕಿ ಹತ್ತಿ ಸುಟ್ಟಗಾಯಗಳಾಗಿದ್ದರೂ ಹಿಂದೆ ಸರಿದಿರಲಿಲ್ಲ. ಮುಂದೆ ಹೀರೊ ತಂಡದ ಸವಾರರಾದ ಸಂತೋಷ್ 2021ರ ಜನವರಿಯಲ್ಲಿ ಸೌದಿಯ ಡಕಾರ್‌ನ ನಾಲ್ಕನೆಯ ಹಂತದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡು, ರಿಯಾದ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬೆಂಗಳೂರಿಗೆ ಮರಳಿದರು. ಅವರು ತೆರೆದ ದಾರಿಯಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಶೆರ್ಕೊ ಟಿವಿಎಸ್ ತಂಡದ ಪರವಾಗಿ ಡಕಾರ್‌ಗೆ ಹೋಗಿ 2019ರಲ್ಲಿ 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ಎಂಬ ಕಿರು ರ‍್ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದು, ಮೋಟಾರ್‌ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು.

2007ರಲ್ಲಿ ಬಜಾಜ್ ಆಟೊ ಕೆಟಿಎಂನಲ್ಲಿ ಷೇರು ಖರೀದಿಸಿ, 2012ರ ಆರಂಭದಲ್ಲಿ ಪುಣೆ ಬಳಿಯ ಚಾಕಣದಲ್ಲಿ ತಯಾರಾದ ಡ್ಯೂಕ್ 200 ಮಾರುಕಟ್ಟೆಗೆ ಬಂದ ಮೇಲೆ, ಓಹಾಯೊದ ಅಂಗಡಿಕಾರನೊಬ್ಬ ಮಣ್ಣುದಾರಿಗೆ ತಿರುಗಿಸಿದ ಕಂಪನಿಯ ಹೆಸರು ಹಾಸನದ ಬೀದಿಗಳಲ್ಲೂ ಪರಿಚಿತವಾಯಿತು. ಡ್ಯೂಕ್ ರಸ್ತೆಯ ಬೈಕೇ ಹೊರತು ಎಂಡ್ಯೂರೊ ಬೈಕಲ್ಲ. ಆದರೆ ಅದನ್ನು ಕೊಳ್ಳುವ ಹುಡುಗರನ್ನು ಸೆಳೆಯುವ ಕೀರ್ತಿಯ ಬಹುಪಾಲು ಆ ಕಂಪನಿ ಮಣ್ಣಿನಲ್ಲಿ ಸಂಪಾದಿಸಿದ್ದು.

ಪೆಂಟನ್ ಚಿತ್ರವನ್ನು ಕರ್ನಾಟಕದಿಂದ ನೋಡುವವರಿಗೆ ಅದರ ಉಪಯೋಗ ಇರುವುದು ಇಲ್ಲಿ. ಒಬ್ಬ ಸವಾರನ ಗೆಲುವುಗಳನ್ನು ಎಣಿಸುತ್ತ ಹೋಗದೆ, ಒಂದು ಬಗೆಯ ಬೈಕು ಏಕೆ ಬೇಕಾಯಿತು, ಯಾರು ಕೇಳಿದರು, ಯಾವ ಕಾರ್ಖಾನೆ ಒಪ್ಪಿತು ಎಂಬ ಸರಣಿಯನ್ನು ಅದು ಸಾಕ್ಷಿಗಳ ಬಾಯಲ್ಲೇ ಹೇಳಿಸಿದೆ. ಅಂಥ ಸರಣಿಗೆ ಬೇಕಾದ ಸಾಮಗ್ರಿ ಇಲ್ಲಿ ಎರಡು ಕಡೆ ಇದೆ. ಸಂತೋಷ್ ಪೀಳಿಗೆಯ ಸವಾರಿಯೆಲ್ಲ ಕ್ಯಾಮೆರಾಗಳ ಯುಗದ್ದಾದ್ದರಿಂದ ಅದಕ್ಕೆ ದೃಶ್ಯಗಳ ಕೊರತೆಯಾಗದು. ಯಾದವಗಿರಿಯ ಶಾಪ್‌ಫ್ಲೋರಿನಲ್ಲಿ ಎಂಜಿನ್ ಜೋಡಿಸಿದವರು, ಯೆಜ್ಡಿಯನ್ನು ರೇಸಿಗೆ ಟ್ಯೂನ್ ಮಾಡಿದವರು, ಅರಕಲಗೂಡು, ಹೊಳೆನರಸೀಪುರಗಳಲ್ಲಿ ಅದನ್ನು ದಶಕಗಳ ಕಾಲ ಓಡುವಂತೆ ಇಟ್ಟ ಮೆಕ್ಯಾನಿಕ್ಕುಗಳ ತಿಳಿವಳಿಕೆ ಮಾತ್ರ ಬಹುಮಟ್ಟಿಗೆ ಅವರವರ ನೆನಪಿನಲ್ಲಿದೆ. ಕಾರ್ಖಾನೆ ಮುಚ್ಚುವಾಗ ನಲವತ್ತರ ಆಸುಪಾಸಿನಲ್ಲಿದ್ದ ಕಾರ್ಮಿಕ ಈಗ ಎಪ್ಪತ್ತು ಸಮೀಪಿಸಿರುತ್ತಾನೆ. ಹಫ್‌ಮನ್ ಎಂಬತ್ತು ದಾಟಿದ ಪೆಂಟನ್‌ರ ಮುಂದೆ ಕ್ಯಾಮೆರಾ ಇಟ್ಟ ಲೆಕ್ಕದಲ್ಲಿ ನೋಡಿದರೆ, ಮೈಸೂರು ಕವಲನ್ನು ದಾಖಲಿಸಲು ಮುಂದಿನ ಹತ್ತು ವರ್ಷಗಳೇ ಸೂಕ್ತ ಕಾಲ. ಮೊದಲು ಕೂರಿಸಿ ಮಾತಾಡಿಸಬೇಕಾದವರು ರೇಸ್ ಗೆದ್ದವರಿಗಿಂತ ಬೈಕು ಕಟ್ಟಿದವರು, ರಿಪೇರಿ ಮಾಡಿದವರು.