ನೆಲವೇ ನೀರಾದಾಗ
1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ಕಲಬುರಗಿಯೂ ನಡುಗಿತು. ಅಲ್ಲಿ ಜೀವ ತೆಗೆದದ್ದು ಹೆಚ್ಚಾಗಿ ಕಲ್ಲು-ಮಣ್ಣಿನ ಗೋಡೆಗಳು. 2001ರ ಭುಜ್ ಭೂಕಂಪ ಇನ್ನೊಂದು ಅಪಾಯವನ್ನು ತೋರಿಸಿತು: ಕಛ್‌ನ ರಣದಲ್ಲಿ ನೆಲ ಸಡಿಲಗೊಂಡು ಮರಳು, ನೀರು ಬುಗ್ಗೆಯಾಗಿ ಉಕ್ಕಿದವು.

ಸಡಿಲ ಮರಳಿನ ಸಂದುಗಳಲ್ಲಿ ನೀರು ತುಂಬಿದ್ದರೆ, ಕಂಪನಕ್ಕೆ ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪುತ್ತದೆ. ಮೇಲಿನ ಕಟ್ಟಡ ಕುಸಿಯುತ್ತದೆ. ಇದನ್ನು ಮೊದಲೇ ಅಂದಾಜು ಮಾಡಬಹುದು. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುತ್ತಾರೆ. ಏಟು ಕಡಿಮೆಯಾದಷ್ಟೂ ನೆಲ ಸಡಿಲ.

ಕಲಬುರಗಿಯ ಎರೆಮಣ್ಣು ಜಿಗುಟು. ಮರಳಿನಂತೆ ಸುಲಭವಾಗಿ ನೀರಾಗದು. ಆದರೆ ಭೀಮಾ ತೀರದ ಮರಳುನೆಲದಲ್ಲಿ, ಮಣ್ಣು ತುಂಬಿದ ತಗ್ಗಿನಲ್ಲಿ ಮನೆ ಕಟ್ಟುವವರು ಏಟು ಎಣಿಸಿಯೇ ಅಡಿಪಾಯ ಹಾಕುವುದು ಲೇಸು.