ನೆಕ್ಸಾನ್ ಇವಿ: ಹಳೇದು ಸಾಕಾ, ಹೊಸದೇ ಬೇಕಾ?

ರಾಯಚೂರು: ಸೆಕೆಂಡ್ ಹ್ಯಾಂಡ್ ಟಾಟಾ ನೆಕ್ಸಾನ್ ಇವಿ ತಗೋಬೇಕು ಅನ್ನೋ ಅಂಗಡಿಯವರು ಮೊದಲು ಬ್ಯಾಟರಿ ನೋಡ್ರಿ. 2020ರ ಮಾಡೆಲ್‌ನಲ್ಲಿ 30.2 ಯೂನಿಟ್ ಬ್ಯಾಟರಿ, ಕಂಪನಿ ಲೆಕ್ಕ 312 ಕಿ.ಮೀ. 2023ರ ಲಾಂಗ್ ರೇಂಜ್‌ನಲ್ಲಿ 40.5 ಯೂನಿಟ್, 465 ಕಿ.ಮೀ. ನಮ್ಮ ಬಿಸಿಲಲ್ಲಿ ಎಸಿ ಹಾಕಿ ಹೊರಟರೆ ಎರಡೂ ಅಷ್ಟು ಓಡೋದಿಲ್ಲ.

ರಾಯಚೂರಿಂದ ಮಾನ್ವಿಗೋ ದೇವದುರ್ಗಕ್ಕೋ ಹೋಗಿ ಬರೋಕೆ ಸುಮಾರು 100 ಕಿ.ಮೀ. ಬ್ಯಾಟರಿ ಚೆನ್ನಾಗಿದ್ರೆ ಹಳೇದೇ ಸಾಕು. ಒಂದೇ ದಿನ ಇಂಥ ಎರಡು ಟ್ರಿಪ್ ಇದ್ದವರಿಗೆ ಹೊಸದೇ ಬೇಕು.

ಹಳೇದರ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅಂದ್ರೆ 2020ರ ಗಾಡಿಗೆ 2028ರೊಳಗೆ ಮುಗೀತದ. ರೇಟ್ ಕಡಿಮೆ ಅಂತ ಅಡ್ವಾನ್ಸ್ ಕೊಡೋ ಮುಂಚೆ, ಫುಲ್ ಚಾರ್ಜ್ ಮಾಡಿಸಿ ಒಂದು ಸಲ ಮಾನ್ವಿಗೆ ಓಡಿಸಿ ನೋಡ್ರಿ.