ವಾರ್ಡು ನಮ್ಮದು, ಕುರ್ಚಿ ಯಾರದು?

ಮುನ್ಸಿಪಾಲ್ಟಿ ಚುನಾವಣೆಯಲ್ಲಿ ನಾವು ಚೇರ್ಮನ್ನರನ್ನು ಆರಿಸುವುದಿಲ್ಲ. ನಮ್ಮ ಓಟು ಬೀಳುವುದು ನಮ್ಮ ವಾರ್ಡಿನ ಕೌನ್ಸಿಲರಿಗೆ, ಅಷ್ಟೇ. ಗೆದ್ದ ಕೌನ್ಸಿಲರುಗಳು ಒಂದು ದಿನ ಸಭಾಂಗಣದಲ್ಲಿ ಕೂತು ಕೈ ಎತ್ತುತ್ತಾರೆ. ಯಾರ ಕಡೆ ಕೈ ಹೆಚ್ಚೋ ಊರಿನ ಕುರ್ಚಿ ಅವರಿಗೆ. ಆ ಕುರ್ಚಿಯಿಂದ ಇಳಿಸುವುದೂ ಅವೇ ಕೈಗಳು. 2025ರ ಏಪ್ರಿಲ್‌ನಲ್ಲಿ ನಮ್ಮ ಆದೋನಿಯಲ್ಲಿ ಹೀಗೇ ಆಯಿತು. ಸುದ್ದಿ ಕೇಳಿದ ನಮ್ಮ ಓಣಿಯ ಹೂ ಮಾರುವ ಹೆಂಗಸು ನನ್ನನ್ನು ನಿಲ್ಲಿಸಿ, ವೈಎಸ್‌ಆರ್ ಕಾಂಗ್ರೆಸ್ಸನ್ನು ಅದರ ಚಿಹ್ನೆಯಾದ ಫ್ಯಾನಿನ ಹೆಸರಲ್ಲೇ ಕರೆದು, ಕೇಳಿದಳು: "ಟೀಚರಮ್ಮ, ನಾವು ಫ್ಯಾನಿಗೆ ಓಟು ಹಾಕಿದ್ವಿ. ಈಗ ಫ್ಯಾನಿನೋರೇ ಫ್ಯಾನಿನೋರನ್ನ ಇಳಿಸ್ಯಾರಂತ. ಮತ್ತ ನಾವು ಓಟು ಹಾಕಬೇಕೇನು?"

ಹಾಕಬೇಕಾಗಿರಲಿಲ್ಲ. ಯಾಕೆ ಬೇಕಾಗಿರಲಿಲ್ಲ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಆಂಧ್ರದ ಪಶ್ಚಿಮ ಕರ್ನೂಲಿನಲ್ಲಿ, ಅಂದರೆ ಆದೋನಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಆಲೂರಿನ ಕಡೆ, ಕನ್ನಡ ಮನೆಮಾತಿನವರು ಬಹಳ. ಸರ್ಕಾರದ ಕಾಗದ ತೆಲುಗಿನಲ್ಲಿ ಬರುತ್ತದೆ, ಮನೆಯೊಳಗೆ ಮಾತು ಕನ್ನಡ. ಹಾಗಾಗಿ ಕಾನೂನಿನ ಸಂಗತಿಗಳು ನಮ್ಮವರಿಗೆ ಅರ್ಧ ತಲುಪುತ್ತವೆ, ಅರ್ಧ ದಾರಿಯಲ್ಲೇ ಉಳಿಯುತ್ತವೆ.

ಆದೋನಿ ಮುನ್ಸಿಪಾಲ್ಟಿ ಹೊಸದೇನಲ್ಲ. 1865ರಲ್ಲಿ ಸ್ಥಾಪನೆಯಾದದ್ದು. ಆಗ ಇದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಹತ್ತಿಯ ವ್ಯಾಪಾರ ಬೆಳೆಸಿದ ಊರಿದು. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಸುಮಾರು 1.66 ಲಕ್ಷ. 2021ರ ಚುನಾವಣೆಗೆ 42 ವಾರ್ಡು.

ಆ ಚುನಾವಣೆ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ನನ್ನ ಕೊನೆಯ ಎಲೆಕ್ಷನ್ ಡ್ಯೂಟಿ. 2020ರ ಮಾರ್ಚ್‌ನಲ್ಲೇ ನಾಮಪತ್ರ ಸಲ್ಲಿಕೆ ಮುಗಿದಿತ್ತು. ಮಾರ್ಚ್ 15ರಂದು ರಾಜ್ಯ ಚುನಾವಣಾ ಆಯುಕ್ತರು ಕೊರೊನಾ ಕಾರಣ ಕೊಟ್ಟು ಎಲ್ಲವನ್ನೂ ನಿಲ್ಲಿಸಿದರು. ಅದೇ ಜಗಳವಾಗಿ, ಸರ್ಕಾರ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಅವರನ್ನು ಸುಗ್ರೀವಾಜ್ಞೆ ತಂದು ತೆಗೆದು, ಹೈಕೋರ್ಟು ಆ ಆಜ್ಞೆಯನ್ನು ಹೊಡೆದುಹಾಕಿ, ಒಂದು ವರ್ಷದ ಮೇಲೆ ನಿಂತಲ್ಲಿಂದಲೇ ಚುನಾವಣೆ ಮುಂದುವರಿಯಿತು. 2021ರ ಮಾರ್ಚ್ 10ರಂದು ಮತದಾನ, 14ರಂದು ಎಣಿಕೆ. ಮತಯಂತ್ರ ಇರಲಿಲ್ಲ, ಮತಪತ್ರ, ರಬ್ಬರ್ ಮುದ್ರೆ, ಮತಪೆಟ್ಟಿಗೆ. ಶಾಯಿ ಇನ್ನೊಂದು ಚಿಹ್ನೆಗೆ ಅಂಟದಂತೆ ಚೀಟಿ ಹೇಗೆ ಮಡಚಬೇಕೆಂದು ಮುದುಕಿಯರಿಗೆ ತೋರಿಸಿ ತೋರಿಸಿ ನನ್ನ ಕೈ ಸೋತಿತ್ತು. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಮುನ್ಸಿಪಾಲ್ಟಿಯಲ್ಲಿ ಇರುತ್ತದೆ. ಓದು ಬಾರದವರಿಗೆ ಅದೇ ದಿಕ್ಕು: ಫ್ಯಾನು, ಸೈಕಲ್ಲು, ಕಮಲ, ಕೈ.

ಪಟ್ಟಿಯಲ್ಲಿ ಹೆಸರಿದ್ದೂ ಬಾರದವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಮಳೆ ನೆಚ್ಚಿದ ಬೇಸಾಯ. ಬೆಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮೆಣಸಿನಕಾಯಿ ಸುಗ್ಗಿ ಇನ್ನೂ ನಡೆದಿರುವ ಮಾರ್ಚ್‌ನಲ್ಲಿ ಚುನಾವಣೆ ಇಟ್ಟರೆ ಅವರು ಎಲ್ಲಿಂದ ಬರಬೇಕು? ಅತಿ ಬಡವರ ಓಟು ಎಣಿಕೆಗೇ ಬಾರದೆ ಹೋಗುವುದು ಹೀಗೆ. ಚುನಾವಣೆಯ ದಿನ ಗೊತ್ತುಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಫಲಿತಾಂಶ ಏಕಪಕ್ಷೀಯ. ರಾಜ್ಯದಲ್ಲಿ ಆಗ ವೈಎಸ್‌ಆರ್ ಕಾಂಗ್ರೆಸ್ ಸರ್ಕಾರ. ಆದೋನಿಯ ಬಹುತೇಕ ವಾರ್ಡುಗಳು ಆ ಪಕ್ಷಕ್ಕೇ ಬಿದ್ದವು. ರಾಜ್ಯದ ಹೆಚ್ಚುಕಡಿಮೆ ಎಲ್ಲ ಊರುಗಳ ಕಥೆಯೂ ಅದೇ. ಪುಲಿವೆಂದುಲ, ಪುಂಗನೂರು, ಮಾಚರ್ಲ, ಪಿಡುಗುರಾಳ್ಳ ಈ ನಾಲ್ಕು ಊರುಗಳಲ್ಲಂತೂ ಒಂದು ವಾರ್ಡಿಗೂ ಮತದಾನವೇ ನಡೆಯಲಿಲ್ಲ, ಎಲ್ಲ ಅವಿರೋಧ. ಇಡೀ ಊರಿಗೆ ಊರೇ ಓಟು ಹಾಕದೆ ಕೌನ್ಸಿಲ್ ಪಡೆಯಿತು ಎಂದರೆ ಅದನ್ನು ಗೆಲುವು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಕುರ್ಚಿಯ ಲೆಕ್ಕ ತಿಳಿಯಬೇಕಾದರೆ ತಾಡಿಪತ್ರಿ ಮತ್ತು ಮೈದುಕೂರನ್ನು ನೋಡಬೇಕು. ತಾಡಿಪತ್ರಿಯಲ್ಲಿ 36 ವಾರ್ಡು. ತೆಲುಗುದೇಶಂಗೆ 18, ವೈಎಸ್‌ಆರ್ ಕಾಂಗ್ರೆಸ್‌ಗೆ 16, ಸಿಪಿಐಗೆ 1, ಪಕ್ಷೇತರ 1. ಊರಿನ ಶಾಸಕ ಮತ್ತು ಸಂಸದರಿಗೂ ಪದನಿಮಿತ್ತ ಸದಸ್ಯರಾಗಿ ಕೌನ್ಸಿಲ್ಲಿನಲ್ಲಿ ಓಟು ಇರುತ್ತದೆ. ಇಬ್ಬರೂ ವೈಎಸ್‌ಆರ್ ಕಾಂಗ್ರೆಸ್‌ನವರು, ಹಾಗಾಗಿ 18ಕ್ಕೆ 18 ಸಮ. ಉಳಿದ ಆ ಇಬ್ಬರು, ಸಿಪಿಐ ಮತ್ತು ಪಕ್ಷೇತರ, ಊರಿನ ಯಜಮಾನಿಕೆ ತೀರ್ಮಾನಿಸಿದರು. ಜೆ.ಸಿ. ಪ್ರಭಾಕರ ರೆಡ್ಡಿ 20 ಓಟಿನಿಂದ ಚೇರ್ಮನ್ ಆದರು. ಮೈದುಕೂರಿನಲ್ಲಿ ಇದಕ್ಕೆ ತಿರುಗಾಮುರುಗಾ. 24ರಲ್ಲಿ ತೆಲುಗುದೇಶಂ 12 ಗೆದ್ದು ದೊಡ್ಡ ಪಕ್ಷವಾಗಿತ್ತು, ವೈಎಸ್‌ಆರ್ ಕಾಂಗ್ರೆಸ್ 11, ಜನಸೇನಾ 1. ಶಾಸಕ, ಸಂಸದರ ಓಟಿನ ಬಲದಿಂದ ಕುರ್ಚಿ ವೈಎಸ್‌ಆರ್ ಕಾಂಗ್ರೆಸ್ ಪಾಲಾಯಿತು. ವಾರ್ಡುಗಳಲ್ಲಿ ಮುಂದಿದ್ದವರು ಸಭಾಂಗಣದಲ್ಲಿ ಹಿಂದೆ ಬಿದ್ದರು. ಇದೆಲ್ಲ ಕಾನೂನಿನ ಪ್ರಕಾರವೇ.

ಒಮ್ಮೆ ಕೂತ ಚೇರ್ಮನ್ನರನ್ನು ಇಳಿಸುವುದು ಕಷ್ಟ. ಆಂಧ್ರದ ಮುನ್ಸಿಪಾಲ್ಟಿಗಳು ನಡೆಯುವುದು 1965ರ ಕಾಯ್ದೆಯ ಮೇಲೆ. ಅದರಂತೆ ಅಧಿಕಾರ ವಹಿಸಿಕೊಂಡು ನಾಲ್ಕು ವರ್ಷ ತುಂಬುವ ತನಕ ಅವಿಶ್ವಾಸ ನಿರ್ಣಯ ತರುವಂತಿಲ್ಲ. ತುಂಬಿದ ಮೇಲೂ ಅರ್ಧದಷ್ಟು ಸದಸ್ಯರು ಸಹಿ ಹಾಕಿ ಕಲೆಕ್ಟರಿಗೆ ನೋಟಿಸು ಕೊಡಬೇಕು. ಅಧಿಕಾರಿಯ ಅಧ್ಯಕ್ಷತೆಯಲ್ಲಿ ವಿಶೇಷ ಸಭೆ ಸೇರಬೇಕು. ಬಂದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಕೈ ಏಳಬೇಕು. ಆದೋನಿಯ 42 ಕೌನ್ಸಿಲರುಗಳ ಜೊತೆ ಶಾಸಕ, ಸಂಸದ ಇಬ್ಬರನ್ನೂ ಸೇರಿಸಿದರೆ 44. ಅಂದರೆ 30 ಕೈ ಬೇಕು. ಇಂಥವರಿಗೇ ಓಟು ಹಾಕಿ ಎಂದು ಪಕ್ಷ ಆದೇಶ, ಅಂದರೆ ವಿಪ್, ಹೊರಡಿಸಿದ್ದರೆ ಅದನ್ನು ಮೀರಿದವರ ಸದಸ್ಯತ್ವಕ್ಕೇ ಕುತ್ತು.

2021ರ ಕೌನ್ಸಿಲ್ಲುಗಳು ಅಧಿಕಾರ ವಹಿಸಿಕೊಂಡದ್ದು ಮಾರ್ಚ್ 18ರಂದು. ನಾಲ್ಕು ವರ್ಷ ತುಂಬಿದ್ದು 2025ರ ಮಾರ್ಚ್‌ನಲ್ಲಿ. ಅಷ್ಟರೊಳಗೆ 2024ರ ಚುನಾವಣೆಯಲ್ಲಿ ರಾಜ್ಯದ ಸರ್ಕಾರವೇ ಬದಲಾಗಿ ತೆಲುಗುದೇಶಂ, ಜನಸೇನಾ, ಬಿಜೆಪಿ ಮೈತ್ರಿಕೂಟ ಬಂದಿತ್ತು. ಗಡುವು ಮುಗಿದದ್ದೇ ತಡ, ಒಂದರ ಹಿಂದೆ ಒಂದು ಅವಿಶ್ವಾಸ. ದೊಡ್ಡದು ವಿಶಾಖಪಟ್ಟಣದ್ದು. 2025ರ ಏಪ್ರಿಲ್ 19ರಂದು ಮೇಯರ್ ಹರಿ ವೆಂಕಟಕುಮಾರಿಯವರ ವಿರುದ್ಧ ಸರಿಯಾಗಿ 74 ಓಟು ಬಿತ್ತು, ಬೇಕಿದ್ದದ್ದೂ ಅಷ್ಟೇ. ಏಪ್ರಿಲ್ 28ರಂದು ತೆಲುಗುದೇಶಂನ ಪೀಲಾ ಶ್ರೀನಿವಾಸ ರಾವ್ ಮೇಯರ್ ಆದರು. 2021ರಲ್ಲಿ ವೈಎಸ್‌ಆರ್ ಕಾಂಗ್ರೆಸ್ ಗೆದ್ದಿದ್ದ ಗುಂಟೂರು, ಕುಪ್ಪಂಗಳಲ್ಲೂ ಅದೇ ತಿಂಗಳು ಕುರ್ಚಿ ತೆಲುಗುದೇಶಂ ಕಡೆ ಹೋಯಿತು. ಯಾವ ಊರಿನಲ್ಲೂ ಮತದಾರ ಮನೆ ಬಿಟ್ಟು ಹೊರಗೆ ಬರಬೇಕಾಗಲಿಲ್ಲ.

ಆದೋನಿಯಲ್ಲಿ ನಡೆದದ್ದು ಇದಕ್ಕಿಂತ ಬೇರೆ ಬಗೆ. ನಮ್ಮ ಊರು ರಾಜ್ಯದ ಗಾಳಿಗೆ ಪ್ರತಿ ಸಲ ಬಾಗಿದ್ದಲ್ಲ. 2009ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದಾಗ ಇಲ್ಲಿ ತೆಲುಗುದೇಶಂನ ಮೀನಾಕ್ಷಿ ನಾಯ್ಡು. 2014ರಲ್ಲಿ ತೆಲುಗುದೇಶಂ ಗೆದ್ದಾಗ ಇಲ್ಲಿ ವೈಎಸ್‌ಆರ್ ಕಾಂಗ್ರೆಸ್‌ನ ಸಾಯಿಪ್ರಸಾದ ರೆಡ್ಡಿ. 2024ರಲ್ಲಿ ಬಿಜೆಪಿಯ ಡಾ. ಪಿ.ವಿ. ಪಾರ್ಥಸಾರಥಿ 18 ಸಾವಿರಕ್ಕೂ ಹೆಚ್ಚು ಓಟಿನ ಅಂತರದಿಂದ ಸಾಯಿಪ್ರಸಾದ ರೆಡ್ಡಿಯವರನ್ನು ಸೋಲಿಸಿದರು. ಶಾಸಕರು ಆ ಕಡೆ, ಕೌನ್ಸಿಲ್ಲು ಈ ಕಡೆ. ವೈಎಸ್‌ಆರ್ ಕಾಂಗ್ರೆಸ್‌ನಿಂದ ಬಂದಿದ್ದ ಚೇರ್‌ಪರ್ಸನ್ ಶಾಂತಾ ಆಡಳಿತ ಮೈತ್ರಿಕೂಟದ ಕಡೆ ವಾಲಿದರು ಎಂದು ಅದೇ ಪಕ್ಷದ ಕೌನ್ಸಿಲರುಗಳು ಅವಿಶ್ವಾಸ ತಂದು ಗೆದ್ದರು. ವಿಶಾಖಪಟ್ಟಣದಲ್ಲಿ ಹೊಸ ಸರ್ಕಾರದವರು ಕುರ್ಚಿ ಕಸಿದರು. ಇಲ್ಲಿ ವಿರೋಧ ಪಕ್ಷದವರು ಕುರ್ಚಿ ಕೈಬಿಟ್ಟು ಹೋಗದಂತೆ ಹಿಡಿದರು. ನಿಯಮ ಒಂದೇ, ಲೆಕ್ಕ ಒಂದೇ. ಮತದಾರ ಫ್ಯಾನಿಗೆ ಒತ್ತಿದ ಮುದ್ರೆಗೆ ಕೌನ್ಸಿಲರುಗಳು ನಿಷ್ಠರಾಗಿ ಉಳಿದರು ಎಂದು ಒಬ್ಬರು ವಾದಿಸಬಹುದು. ಆರಿಸಿ ಬಂದ ಹೆಣ್ಣುಮಗಳು ಊರಿನ ಕೆಲಸಕ್ಕೆ ಸರ್ಕಾರದ ಜೊತೆ ಹೊಂದಿಕೊಳ್ಳುವುದು ತಪ್ಪೇ ಎಂದು ಇನ್ನೊಬ್ಬರು ಕೇಳಬಹುದು. ನನ್ನ ಮಟ್ಟಿಗೆ, ಚಿಹ್ನೆ ತೋರಿಸಿ ಓಟು ಕೇಳಿದವರು ಚಿಹ್ನೆ ಬಿಡುವುದಾದರೆ ವಾರ್ಡಿನ ಸ್ಥಾನವನ್ನೂ ಬಿಟ್ಟು ಮತ್ತೆ ಜನರ ಮುಂದೆ ಬರಬೇಕು. ಈ ಮಾತು ವಿಶಾಖಪಟ್ಟಣಕ್ಕೂ ಅನ್ವಯ, ಆದೋನಿಗೂ ಅನ್ವಯ.

ಗಡಿ ದಾಟಿದರೆ ಬಳ್ಳಾರಿ. ನಮ್ಮ ಅರ್ಧ ನೆಂಟಸ್ತಿಕೆ ಅಲ್ಲೇ. ಅಲ್ಲಿನ ಮಹಾನಗರ ಪಾಲಿಕೆಗೂ 2021ರ ಏಪ್ರಿಲ್‌ನಲ್ಲೇ ಚುನಾವಣೆ ನಡೆದು, 39 ವಾರ್ಡುಗಳಲ್ಲಿ ಕಾಂಗ್ರೆಸ್‌ಗೆ 21, ಬಿಜೆಪಿಗೆ 13, ಪಕ್ಷೇತರರಿಗೆ 5 ಬಂದವು. ಸ್ಪಷ್ಟ ಬಹುಮತ ಇದ್ದೂ ಮೇಯರ್ ಆಯ್ಕೆಗೆ ಮುಂದಿನ ವರ್ಷದ ಮಾರ್ಚ್ ಬರಬೇಕಾಯಿತು. ಅಲ್ಲಿ ಮೇಯರ್ ಗಾದಿ ಒಂದೇ ವರ್ಷಕ್ಕೆ, ಮೀಸಲಾತಿಯೂ ಸುತ್ತುತ್ತದೆ. ಕೆಲಸ ಕಲಿಯುವಷ್ಟರಲ್ಲಿ ಇಳಿಯುವ ಹೊತ್ತು. ನಮ್ಮಲ್ಲಿ ಐದು ವರ್ಷದ ಕುರ್ಚಿ, ನಾಲ್ಕು ವರ್ಷ ಅಲುಗಾಡಿಸುವಂತಿಲ್ಲ. ಎರಡರಲ್ಲಿ ನಮ್ಮದೇ ವಾಸಿ ಎನ್ನುತ್ತೇನೆ.

ಇಷ್ಟು ಗುದ್ದಾಡಿ ಪಡೆದ ಕುರ್ಚಿಯ ಕೈಯಲ್ಲಿ ಏನಿದೆ? ಇದೇ ನನಗೆ ನೋವಿನ ಸಂಗತಿ. 2021ರ ಏಪ್ರಿಲ್‌ನಿಂದ ಆಂಧ್ರದ ಊರುಗಳಲ್ಲಿ ಮನೆ ತೆರಿಗೆ ಕಟ್ಟುವ ಲೆಕ್ಕವೇ ಬದಲಾಯಿತು. ಬಾಡಿಗೆಯ ಅಂದಾಜು ಹೋಗಿ ಆಸ್ತಿಯ ಬೆಲೆಯ ಮೇಲೆ ತೆರಿಗೆ ಬಂತು, ವರ್ಷಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿಯೊಂದಿಗೆ. ಅದು ರಾಜ್ಯ ಸರ್ಕಾರ ಮಾಡಿದ ತೀರ್ಮಾನ. ಕಸ ಎತ್ತುವುದಕ್ಕೆ ಮನೆ ಮನೆಯಿಂದ ವಸೂಲಿಗೆ ಇಳಿದ ಶುಲ್ಕವನ್ನು ಜನ ಕಸದ ತೆರಿಗೆ ಎಂದು ಬೈದರು. ತಂದದ್ದೂ ರಾಜ್ಯ ಸರ್ಕಾರ, ರದ್ದು ಮಾಡುತ್ತೇವೆಂದು 2024ರ ಅಕ್ಟೋಬರ್ 2ರಂದು ಘೋಷಿಸಿದ್ದೂ ಮುಂದಿನ ರಾಜ್ಯ ಸರ್ಕಾರ. 2019ರಲ್ಲಿ ವಾರ್ಡ್ ಸಚಿವಾಲಯಗಳು, ವಾಲಂಟಿಯರುಗಳು ಬಂದ ಮೇಲೆ ಪಿಂಚಣಿಗೂ ರೇಷನ್ ಕಾರ್ಡಿಗೂ ಜನ ಕೌನ್ಸಿಲರನ್ನು ಹುಡುಕುವುದೇ ಬಿಟ್ಟರು. ವಾಲಂಟಿಯರುಗಳು 2024ರಲ್ಲಿ ಹೋದರು, ಆದರೆ ಕೌನ್ಸಿಲರ ಮನೆ ಬಾಗಿಲಿಗೆ ಜನ ವಾಪಸಾಗಲಿಲ್ಲ. ನೀರಿನ ವಿಷಯವೂ ಅಷ್ಟೇ: ಆದೋನಿಗೆ ಕುಡಿಯುವ ನೀರು ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ನೆಚ್ಚಿದೆ. ಆ ಕಾಲುವೆಯಲ್ಲಿ ಎಷ್ಟು ಹರಿಯಬೇಕು, ಯಾವಾಗ ನಿಲ್ಲಬೇಕು ಎನ್ನುವುದು ತುಂಗಭದ್ರಾ ಮಂಡಳಿಯ ಮಾತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಹೊಸಪೇಟೆಯಷ್ಟೇ ನಾವೂ ನಿದ್ದೆಗೆಟ್ಟೆವು.

ಹಾಗಾದರೆ ಕೌನ್ಸಿಲ್ಲೇ ಬೇಡವೇ ಎಂದರೆ, ಅದಿಲ್ಲದ ಕಾಲವನ್ನೂ ನಾವು ನೋಡಿದ್ದೇವೆ. 2005ರ ಕೌನ್ಸಿಲ್ಲುಗಳ ಅವಧಿ 2010ಕ್ಕೆ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2014ರಲ್ಲಿ. ಆ ಅವಧಿ 2019ರ ಜುಲೈಗೆ ಮುಗಿದರೆ, ಅದರ ಮುಂದಿನದು 2021ರ ಮಾರ್ಚ್‌ನಲ್ಲಿ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದರೂ ಎರಡೂ ಸಲ ಸೇರಿ ಐದು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಊರುಗಳನ್ನು ವಿಶೇಷಾಧಿಕಾರಿಗಳು ನಡೆಸಿದರು. ಅಧಿಕಾರಿಯನ್ನು ಓಣಿಯ ತಿರುವಿನಲ್ಲಿ ನಿಲ್ಲಿಸಿ ಕೇಳಲಾಗುವುದಿಲ್ಲ. ಸೋತ ಪಕ್ಷದವರೇ ಆಗಲಿ, ಗೆದ್ದ ಪಕ್ಷದವರೇ ಆಗಲಿ, ಕೌನ್ಸಿಲರು ಮದುವೆಯಲ್ಲೋ ಸಂತೆಯಲ್ಲೋ ಎದುರಾಗಲೇಬೇಕು. ಚರಂಡಿ ತುಂಬಿದ್ದನ್ನು ಮುಖಕ್ಕೆ ಹೇಳಬಹುದು. ಬೀದಿ ದೀಪ, ನಲ್ಲಿ, ಚರಂಡಿ, ಮಳಿಗೆಗಳ ಹರಾಜು, ಇವು ಇವತ್ತಿಗೂ ಕೌನ್ಸಿಲ್ ಸಭೆಯ ಮುಂದೆ ಬರುವ ವಿಷಯಗಳು.

2021ರ ಕೌನ್ಸಿಲ್ಲಿನ ಅವಧಿ 2026ರ ಮಾರ್ಚ್‌ವರೆಗೆ. ಮುಂದಿನ ಚುನಾವಣೆಗೆ ಓಟು ಕೇಳಲು ಬಂದವರನ್ನು, ಫ್ಯಾನಾಗಲಿ ಸೈಕಲ್ಲಾಗಲಿ ಕಮಲವಾಗಲಿ, ಮನೆ ಮುಂದೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ಚೇರ್ಮನ್ ಕುರ್ಚಿಗೆ ನಿಮ್ಮ ಕೈ ಯಾರ ಪರ ಏಳುತ್ತದೆ? ಪಕ್ಷ ಬಿಟ್ಟರೆ ವಾರ್ಡಿನ ಸ್ಥಾನ ಬಿಡುತ್ತೀರಾ? ಕೌನ್ಸಿಲ್ ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಓಣಿಗೆ ಬಂದು, ನಮಗೆ ತಿಳಿಯುವ ಕನ್ನಡದಲ್ಲೋ ಉರ್ದುವಿನಲ್ಲೋ ತೆಲುಗಿನಲ್ಲೋ ಹೇಳುತ್ತೀರಾ? ಉತ್ತರವನ್ನು ನಾಲ್ಕು ಜನರ ಎದುರು ಹೇಳಿಸಿ. ಗುಳೆ ಹೋದ ಮನೆಯವರಿಗೆ ಮತದಾನದ ದಿನವನ್ನು ಫೋನಿನಲ್ಲಿ ಮುಂಚೆಯೇ ತಿಳಿಸಿ, ಬರಲು ಹೇಳಿ.